37ನೇ ವಾರದ ಲಾಗ

ಹೊರಗಿನಿಂದ ಕೈಯಿಟ್ಟು ಬಸಿರಿನೊಳಗಿನ ಕೂಸನ್ನು ತಿರುಗಿಸಬಹುದು! ಕತ್ತರಿ ಇಲ್ಲ, ಹೊಲಿಗೆ ಇಲ್ಲ, ಪ್ರಜ್ಞೆ ತಪ್ಪಿಸುವ ಗೋಜೂ ಇಲ್ಲ. ಇನ್ನು ಮೂರು ವಾರಕ್ಕೆ ಹುಟ್ಟಬೇಕಾದ, ಮೈಕೈ ತುಂಬಿದ, ಎರಡೂವರೆ ಕಿಲೋ ದಾಟಿದ ಮಗು ತಲೆ ಮೇಲೆ, ಕುಂಡೆ ಕೆಳಗೆ ಮಾಡಿಕೊಂಡು ಕೂತುಬಿಟ್ಟಿದೆ ಅನ್ನಿ. ಬಲ್ಲ ಡಾಕ್ಟರೊಬ್ಬರು ತಾಯಿಯ ಹೊಟ್ಟೆಯ ಮೇಲಿಂದಲೇ ಅದನ್ನು ಒತ್ತಿ, ಸರಿಸಿ, ಮುಂದಕ್ಕೊಂದು ಲಾಗ ಹಾಕಿಸಿ ತಲೆಯನ್ನು ಕೆಳಕ್ಕೆ ತರಬಹುದು. ಎಷ್ಟೋ ಸೀಮಂತಗಳಲ್ಲಿ ಆರತಿ ಎತ್ತಿದ್ದೇನೆ, ಎಷ್ಟೋ ಮನೆಗಳ ಬಾಣಂತನ ನೋಡಿದ್ದೇನೆ, ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ನೋಯ್ಡಾದ ಒಂದು ಆಸ್ಪತ್ರೆಯಲ್ಲಿ ಕಣ್ಣಾರೆ ಕಂಡೆ. ಕಂಡಂದಿನಿಂದ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ಅಕ್ಕನ ಮಗಳು ನೋಯ್ಡಾದಲ್ಲೇ ಕೆಲಸದಲ್ಲಿದ್ದಾಳೆ, ಚೊಚ್ಚಲ ಬಸಿರು. 34ನೇ ವಾರದ ಸ್ಕ್ಯಾನಿಂಗಿಗೆ ನಾನೂ ಜೊತೆಗೆ ಹೋಗಿದ್ದೆ. ದೇಶದ ಎಲ್ಲ ಸ್ಕ್ಯಾನಿಂಗ್ ಕೋಣೆಗಳ ಹಾಗೆ ಅಲ್ಲಿಯೂ ಗೋಡೆಗೆ ಫಲಕ: ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ. 1994ರ ಕಾಯ್ದೆಯ ಪ್ರಕಾರ ತುಂಬಬೇಕಾದ ‘ಫಾರ್ಮ್ ಎಫ್’ನಲ್ಲಿ ಸ್ಕ್ಯಾನಿಂಗಿಗೆ ಕಾನೂನು ಒಪ್ಪುವ ಕಾರಣಗಳ ಪಟ್ಟಿಯೇ ಇದೆ. ಮಗು ಯಾವ ಭಂಗಿಯಲ್ಲಿದೆ, ಅದರ ಯಾವ ಭಾಗ ಕೆಳಗಿದೆ ಎಂದು ನೋಡುವುದೂ ಅದರಲ್ಲೊಂದು. ಹೆಣ್ಣೋ ಗಂಡೋ ಎಂದು ಬಾಯಿ ಬಿಡದ ಆ ಕೋಣೆ ತಲೆ ಎಲ್ಲಿದೆ ಎಂಬುದನ್ನು ಮಾತ್ರ ತಟ್ಟನೆ ಹೇಳಿತು. ಪರದೆಯ ಮೇಲೆ ದುಂಡನೆಯ ತಲೆ, ತಾಯಿಯ ಪಕ್ಕೆಲುಬಿನ ಅಡಿಯಲ್ಲಿ! ಆಯಾ ಇಣುಕಿ ನೋಡಿ “ಬಚ್ಚಾ ಉಲ್ಟಾ ಹೈ” ಅಂದಳು. ವರದಿಯಲ್ಲಿ ‘ಬ್ರೀಚ್’ ಎಂದು ಅಚ್ಚಾಗಿ ಬಂತು.

“ಅದಕ್ಕೇ ಚಿಕ್ಕಮ್ಮ, ಇಲ್ಲಿ ಮೇಲೆ ಏನೋ ಗಟ್ಟಿಯಾಗಿ ಒತ್ತುತ್ತಿತ್ತು. ಒದೆಯೋದೆಲ್ಲ ಕೆಳಗಡೆನೇ. ಗಳಿಗೆಗೊಂದ್ಸಲ ಬಾತ್‌ರೂಮಿಗೆ ಓಡ್ತೀನಿ” ಅಂದಳು ಹುಡುಗಿ. ಅವಳ ಮೈ ಅವಳಿಗೆ ಮೊದಲೇ ಎಲ್ಲ ಹೇಳಿತ್ತು, ನೋಡಿ.

ಆಮೇಲೆ ಓದುತ್ತ ಹೋದಂತೆ ಬೆರಗು ಬೆಳೆಯಿತು. 28ನೇ ವಾರದಲ್ಲಿ ನೂರಕ್ಕೆ 20ರಿಂದ 25 ಕೂಸುಗಳು ಹೀಗೆ ಕುಂಡೆ ಕೆಳಗಾಗಿಯೇ ಇರುತ್ತವಂತೆ. ದಿನ ತುಂಬುವ ಹೊತ್ತಿಗೆ ಉಳಿಯುವುದು ಮೂರೋ ನಾಲ್ಕೋ. ಉಳಿದವೆಲ್ಲ ಯಾರೂ ಹೇಳಿಕೊಡದೆ, ಕತ್ತಲಲ್ಲಿ, ನೀರಿನಲ್ಲಿ ತಾವೇ ತಿರುಗಿಕೊಂಡಿರುತ್ತವೆ! ಹೇಗೆ? ಮೊದಮೊದಲು ನೀರು ಹೆಚ್ಚು, ಕೂಸು ಚಿಕ್ಕದು; ಎತ್ತ ಬೇಕಾದರೂ ಈಜಾಡುತ್ತದೆ. ಬೆಳೆದಂತೆಲ್ಲ ಜಾಗ ಸಾಲದು. ಗರ್ಭಕೋಶ ಮೇಲೆ ಅಗಲ, ಕೆಳಗೆ ಕಿರಿದು. ಮಡಚಿದ ಕಾಲುಗಳೂ ಕುಂಡೆಯೂ ಸೇರಿದರೆ ತಲೆಗಿಂತ ಹೆಚ್ಚು ಜಾಗ ಬೇಕು. ಆದ್ದರಿಂದ ಒದ್ದು ಒದ್ದು ಹೊರಳುತ್ತಿರುವ ಕೂಸಿನ ಆ ದಪ್ಪ ಭಾಗ ಅಗಲವಾದ ಮೇಲ್ಭಾಗದಲ್ಲಿ ನೆಲೆ ನಿಲ್ಲುತ್ತದೆ, ತಲೆ ಕೆಳಗಿಳಿಯುತ್ತದೆ. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ವೈದ್ಯ ಶಾರ್ಲ್ ಪಾಜೋ ಈ ಹೊಂದಾಣಿಕೆಯನ್ನೇ ಒಂದು ನಿಯಮವಾಗಿ ಬರೆದಿಟ್ಟ.

ತಿರುಗದೆ ಉಳಿಯುವವುಗಳಲ್ಲಿ ಅರ್ಧಕ್ಕೂ ಹೆಚ್ಚು ಕೂಸುಗಳದು ಒಂದೇ ಭಂಗಿ: ಮಂಡಿ ಮಡಚದೆ ಕಾಲನ್ನು ನೇರ ಮೇಲಕ್ಕೆ ಚಾಚಿ, ಪಾದಗಳನ್ನು ಕಿವಿಯ ಪಕ್ಕ ಇಟ್ಟುಕೊಂಡಿರುತ್ತವೆ. ಚಾಚಿದ ಆ ಕಾಲುಗಳೇ ಮೈಗೆ ಪಟ್ಟಿ ಕಟ್ಟಿದಂತಾಗಿ ಲಾಗ ಹಾಕಲು ಬಿಡುವುದಿಲ್ಲ. ಹುಟ್ಟಿದ ಮೇಲೂ ಕೆಲವು ದಿನ ಇವು ಕಾಲನ್ನು ಮೇಲೆತ್ತಿಕೊಂಡೇ ಮಲಗಿರುತ್ತವೆ! ಇನ್ನು ಕೆಲವು ಚಕ್ಕಳಮಕ್ಕಳ ಹಾಕಿ ಕೂರುತ್ತವೆ, ಕೆಲವು ಒಂದು ಪಾದವನ್ನು ಕೆಳಗೆ ಇಳಿಬಿಟ್ಟಿರುತ್ತವೆ. ಮಾಸು ಕೆಳಗಿದ್ದರೆ, ನೀರು ತೀರಾ ಕಡಿಮೆಯೋ ಹೆಚ್ಚೋ ಆದರೆ, ಗರ್ಭಕೋಶದಲ್ಲಿ ಗಡ್ಡೆಯೋ ಅಡ್ಡಗೋಡೆಯೋ ಇದ್ದರೆ, ಅವಳಿಯಾದರೆ ಹೀಗಾಗುವುದುಂಟು. ಬಹಳ ಸಲ ಕಾರಣವೇ ಸಿಗುವುದಿಲ್ಲ. ಬಸುರಿ ಗ್ರಹಣ ನೋಡಿದ್ದರಿಂದಲ್ಲ, ಮೆಟ್ರೋ ಮೆಟ್ಟಿಲು ಹತ್ತಿದ್ದರಿಂದಲ್ಲ. ಇದನ್ನು ಮನೆಯ ಹಿರಿಯರಿಗೆ ಗಟ್ಟಿಯಾಗಿ ಹೇಳಬೇಕು. ನಾರ್ವೆ ದೇಶದ ಜನನ ದಾಖಲೆಗಳನ್ನು ಜಾಲಾಡಿ 2008ರಲ್ಲಿ ಪ್ರಕಟವಾದ ಅಧ್ಯಯನವಂತೂ ನನ್ನನ್ನು ಕುರ್ಚಿಯಿಂದ ಎಬ್ಬಿಸಿತು. ತಾಯಿ ಕುಂಡೆ ಮುಂದಾಗಿ ಹುಟ್ಟಿದ್ದರೆ ಅವಳ ಚೊಚ್ಚಲ ಕೂಸೂ ಹೀಗೆ ಬರುವ ಸಾಧ್ಯತೆ ಎರಡು ಪಟ್ಟಿಗೂ ಮಿಗಿಲು. ತಂದೆ ಹೀಗೆ ಹುಟ್ಟಿದ್ದರೂ ಅಷ್ಟೇ! ಗಂಡಿನ ಕಡೆಯಿಂದಲೂ ಈ ಭಂಗಿ ಇಳಿದು ಬರುತ್ತದೆ.

ಈ ಭಂಗಿಯನ್ನು ಯಂತ್ರವಿಲ್ಲದೆ ಕಂಡುಹಿಡಿಯುವ ಕೈಗಳೂ ಇವೆ. ಹೆರಿಗೆ ವಿದ್ಯೆ ಕಲಿಯುವವರೆಲ್ಲ ಜರ್ಮನಿಯ ಲಿಯೋಪೋಲ್ಡ್ ಹೆಸರಿನ ನಾಲ್ಕು ಹಿಡಿತಗಳನ್ನು ಕಲಿಯುತ್ತಾರೆ. ಹೊಟ್ಟೆಯ ಮೇಲ್ತುದಿಯಲ್ಲಿ ಬೆರಳಿಗೆ ಗಟ್ಟಿಯಾಗಿ, ದುಂಡಗೆ ಸಿಕ್ಕಿ, ತಟ್ಟಿದರೆ ಪುಟಿದು ಬರುವುದು ತಲೆ. ಮೆತ್ತಗೆ, ಅಗಲವಾಗಿ, ಮೈಯೊಂದಿಗೇ ಅಲುಗುವುದು ಕುಂಡೆ. ಇದನ್ನು ಓದುವಾಗ ನೆನಪಾದವರು ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. ಅಜ್ಜಿಯಿಂದ ಕಲಿತು, ಎಪ್ಪತ್ತು ವರ್ಷ ಕಾಸು ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ. ಹೊಟ್ಟೆ ಮುಟ್ಟಿಯೇ ಕೂಸಿನ ನಾಡಿ, ತಲೆಯ ದಿಕ್ಕು ಹೇಳುತ್ತಿದ್ದರೆಂದು ಅವರನ್ನು ಕಂಡವರೆಲ್ಲ ಹೇಳುತ್ತಾರೆ. ಆ ಕೈಗಳು 2018ರಲ್ಲಿ ದೆಹಲಿಯ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆದವು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು.

ನಮ್ಮ ಹುಡುಗಿಯ ಕೂಸು 36ನೇ ವಾರಕ್ಕೂ ತಿರುಗಲಿಲ್ಲ. ಧಾರವಾಡದಿಂದ ತವರಿಗೆ ಕರೆದೊಯ್ಯಲು ಬಂದಿದ್ದ ಅಕ್ಕ ಟಿಕೆಟ್ ರದ್ದು ಮಾಡಿ ಇಲ್ಲೇ ಉಳಿದಳು. 37ನೇ ವಾರ, ಹೆರಿಗೆ ಕೋಣೆಯ ಪಕ್ಕದ ಮಂಚ, ಬೇಕಾದರೆ ತಕ್ಷಣ ಸಿಸೇರಿಯನ್ ಮಾಡಲು ಆಪರೇಷನ್ ಥಿಯೇಟರ್ ಕೂಗಳತೆಯಲ್ಲಿ. ಮೊದಲು ಸ್ಕ್ಯಾನ್: ಮಾಸು ಎಲ್ಲಿದೆ, ನೀರು ಎಷ್ಟಿದೆ. ಆಮೇಲೆ ಕೂಸಿನ ಎದೆಬಡಿತದ ದಾಖಲೆ. ಆಮೇಲೆ ಗರ್ಭಕೋಶ ಸಡಿಲಾಗಲು ಟರ್ಬುಟಲಿನ್ ಇಂಜೆಕ್ಷನ್. ಅದಕ್ಕೆ ಹುಡುಗಿಯ ಎದೆ ಡವಡವ ಅನ್ನತೊಡಗಿತು, ಬೆರಳು ನಡುಗಿದವು. ಹೊಟ್ಟೆಗೆ ಜೆಲ್ ಸವರಿದರು. ಡಾಕ್ಟರಮ್ಮ ಮೊದಲು ಕೆಳಹೊಟ್ಟೆಯೊಳಗೆ ಬೆರಳೂರಿ ಕುಂಡೆಯನ್ನು ಕಟಿಯಿಂದ ಮೇಲೆತ್ತಿದರು. ಒಂದು ಕೈ ಅದಕ್ಕೆ ಆತು ನಿಂತಿತು, ಇನ್ನೊಂದು ಕೈ ಪಕ್ಕೆಲುಬಿನ ಅಡಿಯ ತಲೆಯನ್ನು ಹುಡುಕಿ ಮುಂದಕ್ಕೆ ಬಗ್ಗಿಸಿತು. “ನೋವಾದರೆ ತಕ್ಷಣ ಹೇಳು, ನಿಲ್ಲಿಸ್ತೀನಿ” ಎಂದು ಹಿಂದಿಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ಹೊಟ್ಟೆಯ ಆಕಾರವೇ ಬದಲಾಯಿತು! ಉದ್ದುದ್ದ ಇದ್ದದ್ದು ಅಡ್ಡಡ್ಡ ಅಗಲವಾಯಿತು, ಎಡಕ್ಕೊಂದು ಉಬ್ಬು, ಬಲಕ್ಕೊಂದು ಉಬ್ಬು. ಕೂಸು ಈಗ ಅಡ್ಡ ಮಲಗಿದೆ. ಇನ್ನೊಂದು ತಳ್ಳು, ಅಷ್ಟೇ. ಒಳಗೆ ಏನೋ ಜಾರಿ ಹೊರಳಿದ್ದು ನನ್ನ ಕಣ್ಣಿಗೇ ಕಂಡಿತು. ಹೊಟ್ಟೆ ಮತ್ತೆ ನೆಟ್ಟಗಾಯಿತು. ಸ್ಕ್ಯಾನರ್ ಇಟ್ಟು ನೋಡಿದರೆ ತಲೆ ಕೆಳಗಿದೆ! ಎಲ್ಲ ಸೇರಿ ಕೆಲವೇ ನಿಮಿಷ. ಅಕ್ಕ ಗೋಡೆಗೊರಗಿ ಅಳುತ್ತಿದ್ದಳು.

ಎಲ್ಲರಿಗೂ ಹೀಗಾಗುವುದಿಲ್ಲ. ಸುಮಾರು ಅರ್ಧದಷ್ಟು ಸಲ ಮಾತ್ರ ಇದು ಫಲಿಸುತ್ತದೆ: ಚೊಚ್ಚಲಿನಲ್ಲಿ ನೂರಕ್ಕೆ 40ರ ಆಸುಪಾಸು, ಹೆತ್ತ ಅನುಭವವಿದ್ದವರಲ್ಲಿ 60. ತಿರುಗಿದ ಕೂಸು ಮತ್ತೆ ಹಿಂದಿನಂತಾಗುವುದು ನೂರಕ್ಕೆ ಐದಕ್ಕಿಂತ ಕಡಿಮೆ. ಅವಸರದ ಸಿಸೇರಿಯನ್ ಬೇಕಾಗುವುದು ಇನ್ನೂರರಲ್ಲಿ ಒಬ್ಬರಿಗೆ. ಮಾಸು ದಾರಿಗಡ್ಡ ಇದ್ದರೆ, ಇತ್ತೀಚೆಗೆ ರಕ್ತ ಹೋಗಿದ್ದರೆ, ನೀರು ಒಡೆದಿದ್ದರೆ, ಕೂಸಿನ ಎದೆಬಡಿತ ಸರಿಯಿಲ್ಲದಿದ್ದರೆ ಕೈ ಹಾಕುವುದೇ ಇಲ್ಲ. ತಾಯಿಯ ರಕ್ತ ನೆಗೆಟಿವ್ ಗುಂಪಿನದಾದರೆ ಆಂಟಿ-ಡಿ ಇಂಜೆಕ್ಷನ್ ಕೊಡಬೇಕು. ಅಪಾರ್ಟ್‌ಮೆಂಟುಗಳಿಗೆ ಬರುವ ಮಾಲಿಶ್‌ವಾಲಿಯರು ಒತ್ತಿ ತಿರುಗಿಸುತ್ತೇವೆ ಎಂದರೆ ಕೈಮುಗಿದು ಬೇಡ ಅನ್ನಿ. ಸ್ಕ್ಯಾನ್ ಇಲ್ಲದೆ, ಥಿಯೇಟರ್ ಇಲ್ಲದೆ ಇದನ್ನು ಮಾಡಲೇಬಾರದು. ಮಂಡಿಯೂರಿ ಸೊಂಟ ಎತ್ತುವ ಭಂಗಿಗಳಿಂದ ಕೂಸು ತಿರುಗುತ್ತದೆ ಎನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ.

1807ರಲ್ಲೇ ಹ್ಯಾಂಬರ್ಗಿನ ಯುಸ್ಟುಸ್ ವೀಗಾಂಡ್ ಹೀಗೆ ಹೊರಗಿನಿಂದ ತಿರುಗಿಸುವುದನ್ನು ಬರೆದಿದ್ದ. ಅದಕ್ಕೂ ಎಷ್ಟೋ ಶತಮಾನ ಮೊದಲು ನಮ್ಮ ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ, ಮೂಢಗರ್ಭದ ಅಧ್ಯಾಯದಲ್ಲಿ, ಕುಂಡೆ ಮುಂದಾಗಿ ಬಂದ ಕೂಸನ್ನು ಮೇಲಕ್ಕೆ ಒತ್ತಿ, ಕಾಲುಗಳನ್ನು ಬಿಡಿಸಿ ಹೊರತೆಗೆಯಬೇಕೆಂಬ ಕ್ರಮವಿದೆ! ಕುಂಡೆ ಮುಂದಾಗಿ ಹುಟ್ಟುವಾಗ ಕೊನೆಗೆ ಬರುವ ತಲೆ ಸಿಕ್ಕಿಕೊಳ್ಳುವುದು, ತೋಳು ತಲೆಯ ಮೇಲೆ ಏರಿ ಕೂರುವುದು, ಇವೇ ಎಲ್ಲ ಕಾಲದ ಭಯ. 1859ರಲ್ಲಿ ಬರ್ಲಿನ್ನಿನಲ್ಲಿ ಹೀಗೆ ಹುಟ್ಟಿದ ರಾಜಕುಮಾರನ ಎಡತೋಳಿನ ನರಗಳಿಗೆ ಪೆಟ್ಟಾಯಿತು. ಮುಂದೆ ಜರ್ಮನಿಯ ಚಕ್ರವರ್ತಿಯಾದ ಎರಡನೇ ವಿಲ್ಹೆಲ್ಮ್ ಆ ಗಿಡ್ಡ ತೋಳನ್ನು ಜೀವನಪೂರ್ತಿ ಚಿತ್ರಗಳಲ್ಲಿ ಮರೆಮಾಡಿದ. 1937ರಲ್ಲಿ ನಾರ್ವೆಯ ಲೋವ್‌ಸೆಟ್ ಕೂಸಿನ ಮೈಯನ್ನೇ ಅರ್ಧ ಸುತ್ತು ತಿರುಗಿಸಿ ಹಾಗೆ ಏರಿ ಕೂತ ತೋಳನ್ನು ಬಿಡಿಸುವ ಉಪಾಯ ತೋರಿಸಿದ.

2000ದಲ್ಲಿ ಎಲ್ಲ ಬದಲಾಯಿತು. ಕೆನಡಾದ ಮೇರಿ ಹ್ಯಾನಾ ನೇತೃತ್ವದಲ್ಲಿ ಕೂಸು ಬ್ರೀಚ್ ಆಗಿದ್ದ 26 ದೇಶಗಳ 2,088 ಬಸುರಿಯರ ಅಧ್ಯಯನ ‘ಲ್ಯಾನ್ಸೆಟ್’ನಲ್ಲಿ ಬಂತು: ಕೂಸಿನ ಸಾವು ಅಥವಾ ಗಂಭೀರ ತೊಂದರೆ ಸಹಜ ಹೆರಿಗೆ ಯೋಜಿಸಿದವರಲ್ಲಿ ನೂರಕ್ಕೆ 5, ಸಿಸೇರಿಯನ್ ಯೋಜಿಸಿದವರಲ್ಲಿ 1.6. ಲೋಕವೆಲ್ಲ ಸಿಸೇರಿಯನ್ ಕಡೆ ವಾಲಿತು. 2004ರಲ್ಲಿ ಅದೇ ತಂಡ ಎರಡು ವರ್ಷ ತುಂಬಿದ ಮಕ್ಕಳನ್ನು ನೋಡಿದಾಗ ಎರಡು ಗುಂಪಿಗೂ ಅಂತರವಿರಲಿಲ್ಲ. ಅಷ್ಟರಲ್ಲಿ ಬ್ರೀಚ್ ಹೆರಿಗೆಯ ಕೈಚಳಕ ಹೊಸ ಡಾಕ್ಟರುಗಳ ಕೈಯಿಂದ ಜಾರತೊಡಗಿತ್ತು. ನನಗೆ ಇದು ದುಃಖದ ವಿಷಯ. ಅನುಭವಿ ಕೈ ಹತ್ತಿರವಿಲ್ಲದಿದ್ದರೆ 39ನೇ ವಾರದ ಯೋಜಿತ ಸಿಸೇರಿಯನ್ನೇ ಸುರಕ್ಷಿತ, ಅದರಲ್ಲಿ ಸೋಲು ಯಾವುದೂ ಇಲ್ಲ. ಆದರೆ ಅದಕ್ಕೆ ದಿನ ಗೊತ್ತು ಮಾಡುವ ಮೊದಲು “ಹೊರಗಿನಿಂದ ತಿರುಗಿಸಲು ಆಗುತ್ತದೆಯೇ, ಇಲ್ಲಿ ಯಾರು ಮಾಡುತ್ತಾರೆ?” ಎಂದು ಪ್ರತಿಯೊಬ್ಬ ಬಸುರಿಯೂ ಕೇಳಲಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆಯಿದೆ. ಅಪಾಯ ಹೆಚ್ಚಿರುವವರ ಕಾರ್ಡಿಗೆ ಅಲ್ಲಿ ಕೆಂಪು ಸ್ಟಿಕರ್ ಅಂಟಿಸುತ್ತಾರೆ. ಕೂಸು ಹೀಗಿರುವಾಗ ನೀರು ಒಡೆದರೆ ಹೊಕ್ಕುಳಬಳ್ಳಿ ಮುಂದಾಗಿ ಜಾರುವ ಅಪಾಯವುಂಟು, ಪಾದ ಕೆಳಗಿರುವ ಭಂಗಿಯಲ್ಲಂತೂ ಬಹಳ. ನೋವು ಬರಲಿ ಎಂದು ಕಾಯದೆ ಆಗಲೇ ಹೊರಡಬೇಕು.

ನಮ್ಮ ಕೂಸು 40ನೇ ವಾರದಲ್ಲಿ ತಲೆ ಮುಂದಾಗಿ, ಸಹಜವಾಗಿ ಹುಟ್ಟಿತು. ಅಷ್ಟಕ್ಕೇ ಮುಗಿಯಲಿಲ್ಲ! 36 ವಾರ ದಾಟಿಯೂ ಹೀಗೆ ಕೂತಿದ್ದ ಮಕ್ಕಳಿಗೆ, ಆಮೇಲೆ ತಿರುಗಿ ಹುಟ್ಟಿದ್ದರೂ, ಸೊಂಟದ ಕೀಲು ಸಡಿಲವಿರುವ ಸಂಭವ ಹೆಚ್ಚು; ಆರು ವಾರಕ್ಕೆ ಸೊಂಟದ ಸ್ಕ್ಯಾನ್ ಆಗಬೇಕು. ಎಣ್ಣೆನೀರು ಹಾಕಿ, ಕಾಲೆರಡನ್ನೂ ನೆಟ್ಟಗೆ ಜೋಡಿಸಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುತ್ತಿದ್ದ ಅಕ್ಕನಿಗೆ ಮಕ್ಕಳ ಡಾಕ್ಟರು ಬೇಡ ಅಂದರು. ತೋಳು ಸುತ್ತಿದರೂ ಕಾಲು ಮಡಚಿ ಆಡುವಷ್ಟು ಸಡಿಲ ಬಿಡಬೇಕಂತೆ. ಕತ್ತು ನಿಂತ ಮೇಲೆ, ನಮ್ಮ ಹೆಂಗಸರು ಯಾವಾಗಲೂ ಮಾಡುವ ಹಾಗೆ, ಕಾಲು ಎರಡು ಕಡೆ ಅಗಲಿಸಿ ಸೊಂಟದ ಮೇಲೆ ಎತ್ತಿಕೊಳ್ಳುವುದು ಆ ಕೀಲಿಗೆ ಬಲು ಒಳ್ಳೆಯದು ಎಂದೂ ಹೇಳಿದರು.