ತೋಪಿಗೆ ತಕ್ಕ ಮದ್ದು

ಬೆಳಿಗ್ಗೆ ಏಳಕ್ಕೇ ಕಲಬುರಗಿಯ ಬಿಸಿಲು ಚುರುಕಾಗಿತ್ತು. ಕೋಟೆಯ ಹೆಬ್ಬಾಗಿಲು ದಾಟಿ ಒಳಗೆ ಬಂದರೆ 1367ರ ಜಾಮಾ ಮಸೀದಿ, ಅದರಾಚೆ ಗುಡ್ಡದಂತೆ ಕೂತ ರಣಮಂಡಲವೆಂಬ ಕಟ್ಟಡ, ಬುರುಜಿನ ಮೇಲೆ ಮಲಗಿದ ‘ಬಾರಾ ಗಜ್’ ತೋಪು. ಉದ್ದ 29 ಅಡಿ ಎನ್ನುತ್ತಾರೆ. ಅದರ ಮೈ ಮೇಲೆ ಕೈಯಿಟ್ಟು ನಿಂತಾಗ ನಾನು ಆ ದಿನ ತಿಳಿಯಲು ಹೊರಟಿದ್ದ ವಿಷಯಕ್ಕೆ ಅಲ್ಲೇ ಒಂದು ಎಳೆ ಸಿಕ್ಕಿತು. ತೋಪಿಗೆ ಹಾಕುವುದನ್ನೂ ನಾವು ‘ಮದ್ದು’ ಎನ್ನುತ್ತೇವೆ, ಕಾಯಿಲೆಗೆ ಕೊಡುವುದನ್ನೂ ‘ಮದ್ದು’ ಎನ್ನುತ್ತೇವೆ. ಕಾರಿನ ಎಂಜಿನ್‌ ವಿಷಯದಲ್ಲಿ ಪೆಟ್ರೋಲ್ ಮೊದಲ ಬಗೆಯದು, ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ಅಡಿಟಿವ್ ಎರಡನೆಯದು. ಇವೆರಡರ ಕೆಲಸ ಬೇರೆ ಬೇರೆ ಎಂಬುದನ್ನು ಮರೆತು ದುಡ್ಡು ಕಳೆದುಕೊಂಡವರಲ್ಲಿ ನಾನೂ ಒಬ್ಬ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಕಾರು ಏರು ಹತ್ತುವಾಗ ಟಕಟಕ ಸದ್ದು ಮಾಡುತ್ತಿತ್ತು. ಒಂದು ಅಂಗಡಿಯವರು ಕೊಟ್ಟ ‘ಆಕ್ಟೇನ್ ಬೂಸ್ಟರ್’ ಬಾಟಲಿಯನ್ನು ಪ್ರತಿ ಸಲ ಟ್ಯಾಂಕ್ ತುಂಬಿಸುವಾಗಲೂ ಸುರಿದೆ. ಸದ್ದು ನಿಲ್ಲಲಿಲ್ಲ.

ಗ್ಯಾರೇಜಿನಲ್ಲಿ ಎರಡು ಪ್ಲಗ್

ಕೋಟೆಯಿಂದ ಹೊರಬಿದ್ದು ಬಜಾರಿನ ಅಂಚಿನ ಒಂದು ಗ್ಯಾರೇಜಿಗೆ ಹೋದೆ. ಮಿಸ್ತ್ರಿ ನನ್ನ ಮಾತು ಪೂರ್ತಿ ಕೇಳಿ, ಡಬ್ಬಿಯಿಂದ ಎರಡು ಹಳೆಯ ಸ್ಪಾರ್ಕ್ ಪ್ಲಗ್ ತೆಗೆದು ಹಳೇ ಪೇಪರಿನ ಮೇಲಿಟ್ಟರು. ಒಂದರ ತುದಿ ಒಣ ಬಿಸ್ಕತ್ತಿನ ತಿಳಿಗಂದು. ಇನ್ನೊಂದರ ಬಿಳಿ ಪಿಂಗಾಣಿಯ ಮೇಲೆ ಇಟ್ಟಿಗೆ ಪುಡಿಯಂಥ ಕೆಂಪು ಪದರ.

“ಈ ಕೆಂಪು ಏನ್ರಿ?”

“ಬಾಟ್ಲಿ ಔಷಧದ್ದು ಸರ. ಗಾಡಿ ಟಕಟಕ ಅಂದ್ರ ಮೊದ್ಲ ಪ್ಲಗ್ ನೋಡ್ಬೇಕ್ರಿ, ಕಾಯಿಲ್ ನೋಡ್ಬೇಕು, ರೇಡಿಯೇಟರ್ ನೋಡ್ಬೇಕು. ಬ್ಯಾನಿ ಒಂದು, ಔಷಧ ಒಂದು ಆದ್ರ ಹೆಂಗ್ರಿ?”

ಅವರ ಮಾತಿಗೆ ರಸಾಯನಶಾಸ್ತ್ರದ ಆಧಾರವೂ ಇದೆ. ಕೆಲವು ಆಕ್ಟೇನ್ ಬೂಸ್ಟರ್‌ಗಳಲ್ಲಿ ಕಬ್ಬಿಣ ಅಥವಾ ಮ್ಯಾಂಗನೀಸ್ ಇರುವ ಸಂಯುಕ್ತಗಳಿರುತ್ತವೆ. ಪೆಟ್ರೋಲ್ ಉರಿದು ಹೋದರೂ ಲೋಹ ಉರಿದು ಹೋಗುವುದಿಲ್ಲ. ಅದು ಪ್ಲಗ್ ಮೇಲೆ ಕೂರುತ್ತದೆ, ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್ ಮೇಲೆ, ಹೊಗೆ ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್ ಒಳಗೂ ಕೂರುತ್ತದೆ. ಪ್ಲಗ್ ಅಗ್ಗದ ವಸ್ತು, ಕನ್ವರ್ಟರ್ ಅಲ್ಲ. ಲೋಕಕ್ಕೆ ಇದಕ್ಕಿಂತ ಘೋರವಾದ ಪಾಠವನ್ನು ಸೀಸ ಕಲಿಸಿದೆ. ಎಂಜಿನ್ ಬಡಿತ ತಡೆಯಲು 1920ರ ದಶಕದಿಂದ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರು. ಅದು ಹೊಗೆಯೊಡನೆ ಮಕ್ಕಳ ರಕ್ತ ಸೇರಿತು. ಭಾರತ ಅದನ್ನು ಕೈಬಿಟ್ಟದ್ದು 2000ದ ಫೆಬ್ರವರಿಯಲ್ಲಿ. ಕೊನೆಯದಾಗಿ ಕೈಬಿಟ್ಟ ದೇಶ ಅಲ್ಜೀರಿಯಾ, 2021ರಲ್ಲಿ.

ಹಾಗಾದರೆ ಆಕ್ಟೇನ್ ಎಂದರೇನು? ಅದು ಪೆಟ್ರೋಲಿನ ಶಕ್ತಿಯ ಅಳತೆಯಲ್ಲ, ತಾಳ್ಮೆಯ ಅಳತೆ. ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಕಾಯುತ್ತದೆ. ಪ್ಲಗ್ ಕಿಡಿ ಹೊತ್ತಿಸಿದ ಜ್ವಾಲೆ ಹರಡುವ ಮೊದಲೇ ಮಿಶ್ರಣದ ಒಂದು ಭಾಗ ತಾನಾಗಿ ಸಿಡಿದರೆ ಆ ಟಕಟಕ ಬಡಿತ. ಹಾಗೆ ಸಿಡಿಯದೆ ತಾಳುವ ಗುಣಕ್ಕೆ ಕೊಟ್ಟ ಅಂಕಿಯೇ ಆಕ್ಟೇನ್. ಒತ್ತಡ ಹೆಚ್ಚಿರುವ ಟರ್ಬೊ ಎಂಜಿನ್‌ಗಳಲ್ಲಿ ಹೆಚ್ಚು ಆಕ್ಟೇನ್ ಬೇಕೆಂದು ತಯಾರಕರೇ ಬರೆದಿದ್ದರೆ ಅದನ್ನೇ ಹಾಕಬೇಕು. 91 ಸಾಕೆಂದು ಬರೆದಿರುವ ಸಾಮಾನ್ಯ ಎಂಜಿನ್‌ಗೆ 100ರ ಪೆಟ್ರೋಲ್ ಸುರಿದರೆ ಅದರ ಲಾಭ ಪಡೆಯುವ ಏರ್ಪಾಡೇ ಆ ಎಂಜಿನ್‌ನಲ್ಲಿ ಇರುವುದಿಲ್ಲ. ಸಣ್ಣ ತೋಪಿಗೆ ದೊಡ್ಡ ತೋಪಿನ ಮದ್ದು ತರಿಸಿದಂತೆ.

ಬಂಕಿನಲ್ಲಿ ಒಂದು ಹನಿ

ಹುಮನಾಬಾದ್ ರಸ್ತೆ ಹಿಡಿಯುವ ಮುನ್ನ ಒಂದು ಬಂಕಿನಲ್ಲಿ ನಿಂತೆ. “ಫಿಲ್ಟರ್ ಪೇಪರ್ ಕೊಡ್ರಿ” ಎಂದಾಗ ಹುಡುಗ ಒಂದು ಕ್ಷಣ ನನ್ನ ಮುಖ ನೋಡಿ ಒಳಗೆ ಹೋಗಿ ತಂದ. ಇದು ಗ್ರಾಹಕರ ಹಕ್ಕು, ದುಡ್ಡು ಕೊಡಬೇಕಿಲ್ಲ. ಪೈಪಿನ ಮೂತಿ ಒರೆಸಿ ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟ. ಹನಿ ದುಂಡಗೆ ಹರಡಿತು, ಅಂಚಿನಿಂದ ಒಳಕ್ಕೆ ಕುಗ್ಗುತ್ತ ಬಂತು, ಎರಡು ನಿಮಿಷದೊಳಗೆ ಆರಿತು. ಕಾಗದದ ಮೇಲೆ ಎಣ್ಣೆಯ ಕಲೆ ಉಳಿಯಲಿಲ್ಲ. ಸೀಮೆಎಣ್ಣೆಯಂಥದ್ದು ಬೆರೆತಿದ್ದರೆ ಜಿಡ್ಡು ಕಲೆ ಉಳಿಯುತ್ತದೆ. ಕಲೆ ಉಳಿದರೆ ಪೆಟ್ರೋಲ್ ಹಾಕಿಸಿಕೊಳ್ಳಬೇಡಿ.

ಯಂತ್ರದ ಮೇಲೆ ಸಾಂದ್ರತೆಯ ಅಂಕಿಯೂ ಕಾಣುತ್ತದೆ. 15 ಡಿಗ್ರಿ ಉಷ್ಣತೆಗೆ ಲೆಕ್ಕ ಹಾಕಿದಾಗ ಪೆಟ್ರೋಲಿನದು ಘನ ಮೀಟರಿಗೆ 720ರಿಂದ 775 ಕಿಲೋ ನಡುವೆ ಇರಬೇಕು. ಅಳತೆಯ ಮೇಲೆ ಅನುಮಾನವಿದ್ದರೆ 5 ಲೀಟರಿನ ಮುದ್ರೆ ಹಾಕಿದ ಮಾಪಕದಲ್ಲಿ ಅಳೆದು ತೋರಿಸಲು ಕೇಳಬಹುದು. ಬಾಟಲಿಯ ಮದ್ದು ಕೊಳ್ಳುವ ಮೊದಲು ಈ ಎರಡು ನಿಮಿಷ ಕೊಡುವುದೇ ಎಂಜಿನ್‌ಗೆ ಮಾಡುವ ದೊಡ್ಡ ಉಪಕಾರ.

ಕಬ್ಬಿನ ಪಾಲು

ಕಪನೂರು ದಾಟಿ ಮಹಾಗಾಂವ ಕ್ರಾಸ್ ಕಡೆಗೆ ಸಾಗಿದರೆ ಎರಡೂ ಬದಿ ಕಪ್ಪು ಎರೆ ನೆಲ, ತೊಗರಿ ಹೊಲ. ಬಹಮನಿ ರಾಜಧಾನಿ ಕಲಬುರಗಿ ಬಿಟ್ಟು ಬೀದರಿಗೆ ಹೋದದ್ದೂ ಇದೇ ದಿಕ್ಕಿಗೆ. ಈ ಜಿಲ್ಲೆಯ ಬೆಳೆಯೊಂದು ಈಗ ಪೆಟ್ರೋಲ್ ಟ್ಯಾಂಕನ್ನೂ ಸೇರುತ್ತಿದೆ. ತೊಗರಿಯಲ್ಲ, ಕಬ್ಬು. ಅಫಜಲಪುರ ತಾಲ್ಲೂಕಿನ ಹಾವಳಗಾದಂಥ ಕಡೆ ಸಕ್ಕರೆ ಕಾರ್ಖಾನೆಗಳು ಎಥನಾಲ್ ತಯಾರಿಸುವ ಡಿಸ್ಟಿಲರಿಯನ್ನೂ ನಡೆಸುತ್ತವೆ. ಶೇ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲಿ. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇದೇ.

ಎಥನಾಲಿನ ಸ್ವಂತ ಆಕ್ಟೇನ್ ಹೆಚ್ಚು. ಆದ್ದರಿಂದ ಬಡಿತ ತಡೆಯುವುದರಲ್ಲಿ ಇ20 ಮುಂದೆ. ಆದರೆ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಶೇ 10 ಎಥನಾಲಿನ ಇ10ಕ್ಕೆ ಹೊಂದಿಸಿದ ಹಳೆಯ ಕಾರುಗಳ ಮೈಲೇಜ್ ಶೇ 6–7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಈ ಇಳಿಕೆಯನ್ನು ಯಾವ ಬಾಟಲಿಯೂ ತುಂಬಿಕೊಡಲಾರದು. ಇನ್ನೊಂದು ಸಂಗತಿ ನೀರು. ಎಥನಾಲ್ ತೇವ ಹೀರುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕಾರು ನಿಲ್ಲಿಸುವವರು ಟ್ಯಾಂಕ್ ಅರೆಬರೆ ಬಿಡಬಾರದು. ಹಳೆಯ ಕಾರಿನ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳನ್ನು ಸರ್ವಿಸಿನಲ್ಲಿ ತಪ್ಪದೆ ನೋಡಿಸಬೇಕು.

ಕಮಲಾಪುರದ ಕೆಂಪು

ಕಲಬುರಗಿಯಿಂದ ಸುಮಾರು 35 ಕಿ.ಮೀ. ಬಂದರೆ ನೆಲದ ಬಣ್ಣ ಬದಲಾಗಿ ಕಮಲಾಪುರ. ಭೌಗೋಳಿಕ ಗುರುತು ಪಡೆದ ಕೆಂಪು ಬಾಳೆಯ ಊರು. ರಸ್ತೆ ಬದಿಯಲ್ಲಿ ತೂಗುಹಾಕಿದ ಗೊನೆಗಳ ಮುಂದೆ ಕಾರು ನಿಲ್ಲಿಸಿ ಬಾನೆಟ್ ತೆಗೆದೆ. ಕಾದ ಗಾಳಿ ಮುಖಕ್ಕೆ ಹೊಡೆಯಿತು. ಬಾಳೆ ಮಾರುವ ಅಜ್ಜ ಹತ್ತಿರ ಬಂದು, “ಏನಾತ್ರಿ ಗಾಡಿಗಿ?” ಎಂದರು. ಏನೂ ಆಗಿರಲಿಲ್ಲ. ದಾರಿಯ ಏರುಗಳಲ್ಲೆಲ್ಲ ಕಿವಿಗೊಟ್ಟು ಕೇಳಿದ್ದೆ, ಟಕಟಕ ಇರಲಿಲ್ಲ. ಅಂದು ಇದೇ ಹಳೆಯ ಕಾರಿನಲ್ಲಿ ಕೆಟ್ಟಿದ್ದುದು ಪ್ಲಗ್ ಮತ್ತು ಇಗ್ನಿಷನ್ ಕಾಯಿಲ್. ಅವನ್ನು ಬದಲಿಸಿದ ಮೇಲೆ ಇದೇ ಸಾಮಾನ್ಯ ಪೆಟ್ರೋಲಿನಲ್ಲಿ ಅದು ಸುಮ್ಮನೆ ಓಡುತ್ತಿದೆ.

ಹಾಗೆಂದು ಎಲ್ಲ ಅಡಿಟಿವ್ ಮೋಸವಲ್ಲ. ಪಾಲಿಈಥರ್‌ಅಮೈನ್ ಇರುವ ಕ್ಲೀನರ್‌ಗಳು ಇಂಜೆಕ್ಟರ್ ಮೂತಿಯ ಮಸಿ, ಜಿಡ್ಡು ತೆಗೆಯಬಲ್ಲವು. ಬಹಳ ಓಡಿದ ಕಾರಿಗೆ, ತಯಾರಕರ ಒಪ್ಪಿಗೆಯಿದ್ದರೆ, ಬರೆದ ಪ್ರಮಾಣದಲ್ಲಿ, ಬರೆದ ಅಂತರದಲ್ಲಿ ಹಾಕಬಹುದು. ಆದರೆ ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ಗಾಳಿ ಒಳಬರುವ ವಾಲ್ವ್‌ಗಳ ಮೇಲೆ ಪೆಟ್ರೋಲ್ ಹರಿಯುವುದೇ ಇಲ್ಲ. ಅಲ್ಲಿನ ಮಸಿಯನ್ನು ಟ್ಯಾಂಕಿಗೆ ಸುರಿದ ಯಾವ ಕ್ಲೀನರೂ ತೊಳೆಯದು. ಏರ್ ಫಿಲ್ಟರ್ ಎರೆಭೂಮಿಯ ದೂಳಿನಿಂದ ಕಟ್ಟಿದ್ದರೂ ಬಾಟಲಿಯಿಂದ ಉಪಯೋಗವಿಲ್ಲ. ನಮ್ಮ ಕಡೆಯ ಬೇಸಿಗೆಗೆ ಸ್ವಚ್ಛ ಏರ್ ಫಿಲ್ಟರ್, ತುಂಬಿದ ಕೂಲೆಂಟ್, ಸರಿಯಾದ ಪ್ಲಗ್, ಇವೇ ಮೊದಲ ಮದ್ದು.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಇಂದು ಕಾರಿನ ಪೆಟ್ರೋಲ್ ಮುಚ್ಚಳ ತೆಗೆದು ಒಳಗಿನ ಚೀಟಿ ಓದಿ. ಚೀಟಿ ಇಲ್ಲದಿದ್ದರೆ ಕಾರಿನ ಜೊತೆ ಬಂದ ಪುಸ್ತಕ ತೆರೆಯಿರಿ. ಎಷ್ಟು ಆಕ್ಟೇನ್, ಎಷ್ಟು ಎಥನಾಲ್ ಎಂದು ಅಲ್ಲಿ ಬರೆದಿರುತ್ತದೆ. ಅಷ್ಟನ್ನೇ ಹಾಕಿ. ಬಾಟಲಿ ಕೊಳ್ಳುವ ಆಸೆಯಾದರೆ ಮೊದಲು ಮಿಸ್ತ್ರಿಯಿಂದ ಒಂದು ಪ್ಲಗ್ ತೆಗೆಸಿ ಅದರ ಬಣ್ಣ ನೋಡಿ.