ಗೋಕಾಕದ ಕೆನ್ನೀರು

ಆಷಾಢದ ಒಂದು ಮಧ್ಯಾಹ್ನ, ಕುದುರೆಲಾಳದಂತೆ ಬಾಗಿದ ಬಂಡೆಯಂಚಿನಿಂದ 52 ಮೀಟರ್ ಆಳಕ್ಕೆ ಧುಮುಕುವ ಘಟಪ್ರಭೆಯನ್ನು ನೋಡುತ್ತ ನಿಂತಿದ್ದಾಗ, ಪಕ್ಕದ ಪ್ರವಾಸಿಯೊಬ್ಬರು ‘ಎಂಥ ರಾಡಿ ನೀರು!’ ಎಂದು ಮುಖ ತಿರುಗಿಸಿದ್ದು ನನಗೆ ನೋವನ್ನುಂಟುಮಾಡಿತು; ಏಕೆಂದರೆ ಬೆಲ್ಲದ ಪಾಕದ ವರ್ಣವನ್ನು ತಳೆದು, ಕೆಳಗೆ ನಸುಗೆಂಪು ನೊರೆಯಾಗಿ ಸಿಡಿಯುತ್ತಿದ್ದ ಆ ಜಲರಾಶಿ ನನ್ನ ಕಣ್ಣಿಗೆ ಮಲಿನವೆಂದು ತೋರಲೇ ಇಲ್ಲ.

  

ಚಹಾದಂಗಡಿಯಲ್ಲಿ ಕುಳಿತಿದ್ದ ವೃದ್ಧರೊಬ್ಬರು, ಇಲ್ಲಿನ ಹತ್ತಿ ಗಿರಣಿಯಲ್ಲಿ ದುಡಿದು ನಿವೃತ್ತರಾದವರು, ನೀರಿಗೆ ಈ ಬಣ್ಣವೇಕೆ ಎಂಬ ನನ್ನ ಪ್ರಶ್ನೆಯನ್ನು ಕೇಳಿ ಗಾಜಿನ ಲೋಟವೊಂದರಲ್ಲಿ ಹೊಳೆಯ ನೀರನ್ನು ತರಿಸಿ ಕಟ್ಟೆಯ ಮೇಲಿಟ್ಟು, ‘ಸ್ವಲ್ಪ ತಡೀರಿ ಸಾಹೇಬ್ರ, ಅದ ಹೇಳ್ತೈತಿ’ ಎಂದರು. ಗಿರಣಿಯ ಭೋಂಗಾ, ರಾತ್ರಿಪಾಳಿ, ಮಹಾಪೂರ ಎಂದು ಅವರ ಮಾತು ಹರಿಯುತ್ತಿರಲು, ಲೋಟದ ತಳದಲ್ಲಿ ಉಸುಕಿನ ತೆಳುಪದರವೊಂದು ಕುಳಿತಿತು. ಮೇಲಿನ ನೀರು ಮಾತ್ರ ಜೇನಿನ ಬಣ್ಣದಲ್ಲಿಯೇ ಉಳಿಯಿತು. ‘ಅದು ಇವತ್ತ ಇಳಿಯಂಗಿಲ್ರೀ. ನಮ್ಮವ್ವ ಕೊಡದಾಗ ತುರಟಿ ತಿರುವಿ ರಾತ್ರಿಯೆಲ್ಲ ಇಡತಿದ್ಲು.’

ಆ ತಾಯಿಯ ತುರಟಿಯಲ್ಲಿಯೇ, ಎಂದರೆ ಪಟಿಕದಲ್ಲಿಯೇ, ಪ್ರಶ್ನೆಗೆ ಉತ್ತರವಿತ್ತು. ಸಹ್ಯಾದ್ರಿಯಲ್ಲಿ ಯುಗಯುಗಗಳ ಮಳೆಯು ಶಿಲೆಯ ಕರಗುವ ಅಂಶಗಳನ್ನೆಲ್ಲ ತೊಳೆದೊಯ್ದು, ಕಬ್ಬಿಣದ ತುಕ್ಕನ್ನೇ ಬಹುಮಟ್ಟಿಗೆ ಉಳಿಸಿದ ಜಂಬಿಟ್ಟಿಗೆ ಮಣ್ಣಿದೆ. ಆ ತುಕ್ಕು ಬೆಳಕಿನ ನೀಲಿಯನ್ನು ಹೀರಿ ಕೆಂಪನ್ನು ಹಿಂದಿರುಗಿಸುತ್ತದೆ. ಆಂಬೋಲಿಯಲ್ಲಿ ಹುಟ್ಟುವ ಹಿರಣ್ಯಕೇಶಿಯಂಥ ಉಪನದಿಗಳೊಡನೆ ಆ ಮಣ್ಣು ಇಳಿದು ಬರುವಾಗ, ಅದರ ಅತಿಸೂಕ್ಷ್ಮ ಕಣಗಳು ಒಂದೇ ಬಗೆಯ ವಿದ್ಯುದಂಶವನ್ನು ಹೊತ್ತು ಪರಸ್ಪರ ದೂರ ತಳ್ಳುವುದರಿಂದ, ತುರಟಿ ಬೀಳುವತನಕ ತಳ ಸೇರಲೊಲ್ಲವು. ಬೇಸಗೆಯಲ್ಲಿ ಹೊಳೆ ಬಡವಾಗಿ, ಹಿಡಕಲ್ ಜಲಾಶಯದ ನಿಂತ ನೀರಿನಲ್ಲಿ ಹೂಳು ತಂಗುವುದರಿಂದ, ಇದೇ ಬಂಡೆಯ ಮೇಲೆ ಇಳಿಯುವ ಧಾರೆ ತಿಳಿಯಾಗಿರುತ್ತದೆ.

ಆದರೆ ವೃದ್ಧರ ಕೊರಗು ಬೇರೆಯೇ ಆಗಿತ್ತು. ‘ರಾಡಿ ಅಂತಾರ ಮಂದಿ. ರಾಡಿ ಅಲ್ರೀ ಇದು, ಯಾರದೋ ಹೊಲದ ಮಣ್ಣು. ಒಡ್ಡು ಗಟ್ಟಿ ಇದ್ದಿದ್ರ ಅಲ್ಲೇ ಉಳೀತಿತ್ತು.’ ಬಣ್ಣವನ್ನು ಮಾತ್ರವೇ ಕಂಡು ಹಿಗ್ಗಿದ್ದ ನಾನು ಪ್ರತ್ಯುತ್ತರ ಕಾಣದೆ ಸುಮ್ಮನಾದೆನು. ಹೊರಡುವಾಗ ಅವರು ಲೋಟವನ್ನು ಗಟಾರಕ್ಕೆ ಚೆಲ್ಲದೆ, ಅಂಗಡಿಯ ಮಗ್ಗುಲಿನ ಮಲ್ಲಿಗೆಯ ಬುಡಕ್ಕೆ ನಿಧಾನವಾಗಿ ಸುರಿದು, ತಳದಲ್ಲಿ ಅಂಟಿದ್ದ ಮಣ್ಣನ್ನೂ ಬೆರಳಿನಿಂದ ಬಳಿದು ಅಲ್ಲಿಯೇ ಹಾಕಿದರು.