ಬಿಟ್ಟಲ್ಲಿಂದ ಮತ್ತೆ ಹೆಣೆಯಬಹುದು

ಮುದಗಲ್ಲಿನ ಬೇಸಗೆಯನ್ನು ಬಲ್ಲವರು, ಇಲ್ಲಿಯ ಗೃಹಿಣಿಯೊಬ್ಬಳು ಉಣ್ಣೆಯ ಹೆಣಿಗೆ ಹಾಕುತ್ತಾಳೆಂದರೆ ನಕ್ಕಾರು. ಹಗಲೆಲ್ಲ ಕಾದ ಕೋಟೆಯ ಕಲ್ಲು ರಾತ್ರಿ ಬಹಳ ಹೊತ್ತಿನವರೆಗೂ ಬಿಸಿಯುಸಿರು ಬಿಡುವ ಊರಿದು. ಕೃಷ್ಣೆ ತುಂಗಭದ್ರೆಯರ ನಡುವಣ ಎಡೆದೊರೆ ನಾಡಿಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಕಾದಾಡಿದ ಕಥೆಯಲ್ಲಿ ಈ ಕೋಟೆಯ ಹೆಸರನ್ನು ಓದುಗರು ಕಂಡಿರಬಹುದು. ಆದರೆ ನಾನು ಹೇಳಹೊರಟಿರುವುದು ಕೋಟೆಯ ಕಥೆಯನ್ನಲ್ಲ. ಅದರ ಸಮೀಪದ ಒಂದು ಮನೆಯಲ್ಲಿ ಒಂದು ಜೊತೆ ಹೆಣಿಗೆಯ ಕಡ್ಡಿ, ಒಬ್ಬ ತಾಯಿ ಮತ್ತು ಮಾತನಾಡದ ಒಬ್ಬ ಹುಡುಗ, ಈ ಮೂವರು ಒಂದೇ ಸೂರಿನಡಿ ಹೊಂದಿಕೊಂಡು ಬಾಳಲು ಕಲಿತ ಬಗೆಯನ್ನು.

ನಮ್ಮ ಕಡೆ ಹೆಣಿಗೆಗೆ ಕೆಲಸವಿಲ್ಲವೆಂದು ತಿಳಿಯಬೇಡಿ. ಹುಟ್ಟಿದ ಕೂಸಿಗೆ ಕುಲಾವಿ ಬೇಕು; ಬಾಗಿಲಿಗೆ ತೋರಣ ಬೇಕು; ಮೇಜಿನ ಮೇಲೆ ಹಾಸಲು ಬಟ್ಟೆ ಬೇಕು. ತವರಿನಲ್ಲಿದ್ದಾಗ ನನ್ನ ಅಕ್ಕ ‘ಒಂದು ಸೀದಾ, ಒಂದು ಉಲ್ಟಾ’ ಎಂದು ಕಲಿಸಿದ ವಿದ್ಯೆ ನನ್ನ ಕೈಗೆ ಹತ್ತಿತು. ಮದುವೆಯಾಗಿ ಬಂದ ಮೇಲೂ ಮಧ್ಯಾಹ್ನದ ಅರ್ಧ ತಾಸು ನನ್ನದೇ ಆಗಿತ್ತು. ಬಸುರಿಯಾಗಿದ್ದಾಗ ನನ್ನ ಮಗನಿಗೆಂದು ಮೂರು ಕುಲಾವಿಗಳನ್ನು ಹೆಣೆದಿಟ್ಟಿದ್ದೆ.

ಮಗನಿಗೆ ಎರಡು ವರ್ಷ ತುಂಬಿದರೂ ಮಾತು ಬರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಆದರೆ ಪಕ್ಕದ ಕೋಣೆಯಲ್ಲಿ ಡಬ್ಬಿಯ ಮುಚ್ಚಳ ಬಿದ್ದರೆ ಓಡಿ ಬರುತ್ತಿದ್ದ. ಆ ಮುಚ್ಚಳವನ್ನು ತಿರುಗಿಸುತ್ತ ತಾಸುಗಟ್ಟಲೆ ಕೂರುತ್ತಿದ್ದ. ‘ಗಂಡುಮಕ್ಕಳಿಗೆ ಮಾತು ತಡ’ ಎಂದು ಒಬ್ಬ ವೈದ್ಯರು ಕಳುಹಿಸಿಕೊಟ್ಟರು. ನಾಲ್ಕನೆಯ ವರ್ಷದಲ್ಲಿ ದೊಡ್ಡ ಊರಿನ ತಜ್ಞರೊಬ್ಬರು ಅವನನ್ನು ಬಹಳ ಹೊತ್ತು ಪರೀಕ್ಷಿಸಿ, ಇದು ಆಟಿಸಂ, ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ, ಎಂದು ತಿಳಿಸಿದರು.

ಮನೆಗೆ ಬಂದ ದಿನ ನಮ್ಮ ಅತ್ತೆಯವರು ಕೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

“ಹಗಲೆಲ್ಲಾ ಆ ಕಡ್ಡಿ ಹಿಡಕೊಂಡು ಕುಂತರ, ಹುಡುಗ ಮಾತು ಯಾರ ಕಡಿಂದ ಕಲೀಬೇಕವ್ವಾ?”

ಅವರು ಕೆಟ್ಟವರಲ್ಲ, ದುಃಖದಲ್ಲಿ ಆಡಿದ ಮಾತು. ನಾನಾದರೋ ಅದನ್ನು ತೀರ್ಪೆಂದೇ ನಂಬಿದೆ. ಕಡ್ಡಿಗಳನ್ನೂ ದಾರದ ಉಂಡೆಗಳನ್ನೂ ಹಳೆಯ ಸೀರೆಯಲ್ಲಿ ಗಂಟುಕಟ್ಟಿ ಅಟ್ಟದ ಮೇಲಿಟ್ಟೆ. ಎರಡು ವರ್ಷ ಮುಟ್ಟಲಿಲ್ಲ. ಆ ಎರಡು ವರ್ಷಗಳಲ್ಲಿ ಮಗನಿಗೆ ಮಾತು ಬರಲಿಲ್ಲ. ನನಗೆ ಮಾತ್ರ ಸಿಡುಕು ಬಂತು. ಒಂದು ರಾತ್ರಿ, ಮೂರನೆಯ ಸಲ ಎದ್ದು ಕುಳಿತು ನಗುತ್ತಿದ್ದ ಮಗುವಿಗೆ ಹೊಡೆದೆ. ಅವನು ಅಳಲಿಲ್ಲ, ನನ್ನ ಕೈಯನ್ನೇ ನೋಡುತ್ತ ಕುಳಿತ. ನನ್ನಲ್ಲಿ ಏನೋ ಬರಿದಾಗಿದೆ ಎಂಬುದು ಆಗ ತಿಳಿಯಿತು.

ತಾಯಿಯ ಮೇಲಿನ ಆರೋಪ

ಈ ಆರೋಪ ನಮ್ಮ ಊರಿನ ಅತ್ತೆಯೊಬ್ಬರ ಬಾಯಲ್ಲಿ ಮೊದಲು ಹುಟ್ಟಿದ್ದಲ್ಲವೆಂದು ನನಗೆ ತಿಳಿದದ್ದು ಮುಂದೆ, ಈ ವಿಷಯದ ಇತಿಹಾಸವನ್ನು ಓದಿದಾಗ. ಅಮೆರಿಕದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಆಟಿಸಂ ಎಂಬ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಸ್ಥಾನ ದೊರಕಿತು. ಇದು ಹುಟ್ಟಿನಿಂದ ಬಂದದ್ದೆಂದು ಮೊದಲು ಬರೆದ ಅವರೇ, 1949ರಲ್ಲಿ ಈ ಮಕ್ಕಳ ಹೆತ್ತವರ ತಣ್ಣನೆಯ ಸ್ವಭಾವವನ್ನು ರೆಫ್ರಿಜರೇಟರಿಗೆ ಹೋಲಿಸಿದರು. ಅಲ್ಲಿಂದ ‘ರೆಫ್ರಿಜರೇಟರ್ ತಾಯಿ’ ಎಂಬ ಕ್ರೂರ ಮಾತು ಹಬ್ಬಿತು. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಪ್ರಕಟಿಸಿದ ಗ್ರಂಥ ಅದಕ್ಕೆ ಇನ್ನಷ್ಟು ಬಲಕೊಟ್ಟಿತು. ಮಗು ಮಾತನಾಡದಿದ್ದರೆ ತಾಯಿಯ ಪ್ರೀತಿ ಸಾಲದು! ಎಷ್ಟು ಮನೆಗಳಲ್ಲಿ ಎಷ್ಟು ತಾಯಂದಿರು ಈ ಮಾತಿಗೆ ಬೆಂದರೋ!

ಇದನ್ನು ಎದುರಿಸಿದವರಲ್ಲಿ ಮೊದಲಿಗರು ಹೆತ್ತವರೇ. ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನೋವಿಜ್ಞಾನಿಯ ಮಗನೂ ಆಟಿಸಂ ಉಳ್ಳವನಾಗಿದ್ದ. ಅವರು 1964ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಇದು ತಾಯಿಯ ನಡತೆಯಿಂದ ಬರುವುದಲ್ಲ, ದೇಹಕ್ಕೆ ಸಂಬಂಧಿಸಿದ್ದು ಎಂದು ವಾದಿಸಿದರು. 1969ರಲ್ಲಿ ಕ್ಯಾನರ್ ಅವರೇ ಹೆತ್ತವರ ಸಭೆಯಲ್ಲಿ ನಿಂತು ಅವರನ್ನು ದೋಷಮುಕ್ತರೆಂದು ಸಾರಿದರು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೇಲ್ ರಟರ್ ಇಪ್ಪತ್ತೊಂದು ಜೊತೆ ಅವಳಿ ಮಕ್ಕಳನ್ನು ಪರೀಕ್ಷಿಸಿದರು. ತದ್ರೂಪಿ ಅವಳಿಗಳ 11 ಜೊತೆಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು; ಉಳಿದ 10 ಜೊತೆಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ವಂಶವಾಹಿಗಳ ಪಾತ್ರ ದೊಡ್ಡದೆಂಬುದನ್ನು ಆಮೇಲಿನ ಸಂಶೋಧನೆಗಳೂ ದೃಢಪಡಿಸಿವೆ.

ಅಂದಮೇಲೆ ಮಧ್ಯಾಹ್ನದ ಅರ್ಧ ತಾಸಿನ ಹೆಣಿಗೆಯಿಂದ ಯಾವ ಮಗುವಿನ ಮಾತೂ ನಿಂತುಹೋಗುವುದಿಲ್ಲ. ಇದನ್ನು ಅರಿತ ದಿನ ನಾನು ಏಣಿ ಹಾಕಿ ಅಟ್ಟ ಹತ್ತಿದೆ. ಗಂಟಿನೊಳಗೆ ಅರ್ಧ ಹೆಣೆದ ಒಂದು ಕುಲಾವಿ, ಕಡ್ಡಿಯಲ್ಲಿ ಕುಣಿಕೆಗಳು ಹಾಗೆಯೇ ಇದ್ದವು. ಎರಡು ವರ್ಷದ ಹಿಂದೆ ಬಿಟ್ಟಲ್ಲಿಂದ ಮುಂದಿನ ಸಾಲನ್ನು ಹೆಣೆದೆ.

ಬೇಡವೆಂದ ಸ್ವೆಟರು

ಮತ್ತೆ ಕೈಹಚ್ಚಿದ ಉತ್ಸಾಹದಲ್ಲಿ ಮಗನಿಗೆ ನೀಲಿ ಉಣ್ಣೆಯ ಒಂದು ಸ್ವೆಟರು ಹೆಣೆದೆ. ತೊಡಿಸಿದೊಡನೆ ಅವನು ಚೀರಿ, ಕುತ್ತಿಗೆಯನ್ನು ಕೆರೆದುಕೊಂಡು, ಅದನ್ನು ಕಿತ್ತೆಸೆದ. ಒಂದು ತಿಂಗಳ ನನ್ನ ಪ್ರೀತಿ ಅಂಗಳದ ಮಣ್ಣಿನಲ್ಲಿ ಬಿದ್ದಿತ್ತು. ಅವನು ಬೇಡವೆಂದದ್ದು ನನ್ನನ್ನೇ ಎಂದು ಭಾವಿಸಿ ಅತ್ತೆ.

ಅದು ತಪ್ಪು ಭಾವನೆ. ಆಟಿಸಂ ಉಳ್ಳ ಅನೇಕರಿಗೆ ಸ್ಪರ್ಶ, ಶಬ್ದ, ಬೆಳಕು ನಮಗಿಂತ ಹೆಚ್ಚು ತೀವ್ರವಾಗಿ ತಾಗುತ್ತವೆ. ಕೆಲವರಿಗೆ ಕಡಿಮೆಯಾಗಿಯೂ ತಾಗಬಹುದು. ನಮಗೆ ಮೆತ್ತಗಿರುವ ಉಣ್ಣೆ ಅವನಿಗೆ ಮುಳ್ಳಾಗಿತ್ತು. ಅಂದಿನಿಂದ ಅವನಿಗಾಗಿ ಹೆಣೆಯುವ ಮುನ್ನ ದಾರದ ಒಂದು ತುಣುಕನ್ನು ಅವನ ಕೈಗೆ ಕೊಡುತ್ತೇನೆ. ಎರಡು ದಿನ ಇಟ್ಟುಕೊಂಡರೆ ಅದು ಆದೀತು, ಎಸೆದರೆ ಆಗದು. ನುಣುಪಾದ ಹತ್ತಿಯ ದಾರ ಅವನಿಗೆ ಹಿಡಿಸಿತು. ಜೋಡಿಸಿದ ಅಂಚು ಒಳಗೆ ಚುಚ್ಚದಂತೆ ಹೊರಮೈಗೆ ಬರುವಂತೆ ಹೊಲಿದೆ. ಹೀಗೆ ಅವನು ಧರಿಸಲೊಪ್ಪಿದ ಮೊದಲ ವಸ್ತು ಕಿವಿ ಮುಚ್ಚುವ ಒಂದು ಟೊಪ್ಪಿಗೆ. ಅದರ ಉಪಯೋಗವನ್ನು ಮುಂದೆ ಹೇಳುತ್ತೇನೆ.

ಎರಡನ್ನೂ ಹೊಂದಿಸುವ ಬಗೆ

ಇಂಥ ಮಗುವಿರುವ ಮನೆಯಲ್ಲಿ ಬಿಡುವು ಎಂಬುದು ಗಡಿಯಾರ ನೋಡಿ ಬರುವುದಿಲ್ಲ. ಆದುದರಿಂದ ಥಟ್ಟನೆ ಕೆಳಗಿಡಬಹುದಾದ ಕೆಲಸವನ್ನೇ ಆರಿಸಿಕೊಳ್ಳಬೇಕು. ಮಗು ಎಚ್ಚರವಿದ್ದಾಗ ನಾನು ಕ್ರೋಶಾ ಹಿಡಿಯುತ್ತೇನೆ. ಅದರ ಕೊಕ್ಕೆಯಲ್ಲಿ ಸಾಮಾನ್ಯವಾಗಿ ಒಂದೇ ಕುಣಿಕೆ ಇರುತ್ತದೆ; ಮಗ ಎಳೆದರೂ ಬಿಚ್ಚುವುದು ಸ್ವಲ್ಪ. ಎರಡು ಕಡ್ಡಿಯ ಹೆಣಿಗೆಯಲ್ಲಿ ಅರವತ್ತು ಕುಣಿಕೆಗಳು ಒಮ್ಮೆಗೇ ಜಾರಿದರೆ ಒಂದು ವಾರದ ಶ್ರಮ ಹಾಳು. ಅದನ್ನು ಅವನು ಮಲಗಿದ ಮೇಲೆ ತೆಗೆಯುತ್ತೇನೆ. ಸಾಲಿನ ನಡುವೆ ಏಳಬೇಕಾಗಿ ಬಂದರೆ ಕಡ್ಡಿಯ ತುದಿಗೆ ರಬ್ಬರ್ ಬ್ಯಾಂಡು ಸುತ್ತಿಡುತ್ತೇನೆ, ಕುಣಿಕೆ ಜಾರದು. ಎಣಿಕೆ ಬೇಡುವ ಬಳ್ಳಿ, ಎಲೆಗಳ ವಿನ್ಯಾಸವನ್ನು ಕೈಬಿಟ್ಟು ಎಲ್ಲ ಸಾಲೂ ಸೀದಾ ಬರುವ ಹೆಣಿಗೆಯನ್ನು ಹಿಡಿದಿದ್ದೇನೆ. ಮುಗಿದ ಸಾಲಿಗೆ ಚೀಟಿಯಲ್ಲಿ ಒಂದು ಗೀಟು. ಬೇಸಗೆಯಲ್ಲಿ ಬೆವರಿದ ಕೈಗೆ ಉಣ್ಣೆ ಅಂಟುವುದರಿಂದ ಹತ್ತಿಯ ದಾರವೇ ಲೇಸು.

ಕತ್ತರಿ, ಕಡ್ಡಿಗಳು ಬೀಗವಿರುವ ಪೆಟ್ಟಿಗೆಯಲ್ಲಿರಬೇಕು. ಕೆಲವು ಮಕ್ಕಳು ಕಂಡದ್ದನ್ನೆಲ್ಲ ಬಾಯಿಗಿಡುತ್ತಾರೆ. ಗುಂಡಿ, ಮಣಿಗಳು ನಮ್ಮ ಹೆಣಿಗೆಯಲ್ಲಿ ಸಲ್ಲ. ಬಿಚ್ಚಿದ ದಾರ ಕುತ್ತಿಗೆಗೆ ಸುತ್ತಿಕೊಳ್ಳದಂತೆ ಎಚ್ಚರ ಬೇಕು.

ಎಲ್ಲಕ್ಕಿಂತ ನೆರವಾದದ್ದು ಚಿತ್ರಗಳ ಪಟ್ಟಿ. ಈ ಮಕ್ಕಳಲ್ಲಿ ಅನೇಕರಿಗೆ ಕಿವಿಯ ಮಾತಿಗಿಂತ ಕಣ್ಣಿನ ಚಿತ್ರ ಬೇಗ ತಿಳಿಯುತ್ತದೆ. ಮುಂದೇನೆಂಬುದು ಗೊತ್ತಿದ್ದರೆ ಗಾಬರಿ ಕಡಿಮೆ. ಬೆಟಲ್‌ಹೈಮ್ ಅವರ ಬಳಿ ಓದಿಯೂ ಅವರ ಮತವನ್ನು ತಿರಸ್ಕರಿಸಿದ ಎರಿಕ್ ಶಾಪ್ಲರ್, ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ 1972ರಿಂದ ನಡೆಸಿದ ಕಾರ್ಯಕ್ರಮದಲ್ಲಿ ಇಂಥ ಕ್ರಮವನ್ನೇ ಬೆಳೆಸಿ, ಹೆತ್ತವರನ್ನು ಆರೋಪಿಗಳನ್ನಾಗಿ ಕಾಣದೆ ಸಹಾಯಕರನ್ನಾಗಿ ಮಾಡಿಕೊಂಡರು. ನಮ್ಮ ಗೋಡೆಯ ಮೇಲೆ ಮೂರು ಚಿತ್ರಗಳಿವೆ: ಊಟದ ತಟ್ಟೆ, ದಾರದ ಉಂಡೆ, ಜೋಕಾಲಿ. ನಡುವಣದು ‘ಅವ್ವನ ಹೆಣಿಗೆ’. ಮೊದಮೊದಲು ಐದು ನಿಮಿಷ, ಈಗ ಇಪ್ಪತ್ತೈದು. ಅದು ಮುಗಿದರೆ ಜೋಕಾಲಿ ತಪ್ಪದೆ ಬರುತ್ತದೆಂಬ ನಂಬಿಕೆ ಅವನಿಗಿದೆ. ಆ ನಂಬಿಕೆಯನ್ನು ನಾನು ಒಂದು ದಿನವೂ ಮುರಿಯುವಂತಿಲ್ಲ. ಹೆಣಿಗೆ ಎಷ್ಟೇ ಸ್ವಾರಸ್ಯದಲ್ಲಿರಲಿ, ಕೆಳಗಿಟ್ಟು ಏಳಲೇಬೇಕು.

ಹೆಣಿಗೆ ಔಷಧವಲ್ಲ

2013ರಲ್ಲಿ ಬ್ರಿಟನ್ನಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ, ಹಲವು ದೇಶಗಳ 3,545 ಮಂದಿ ಹೆಣಿಗೆಗಾರರನ್ನು ವಿಚಾರಿಸಿದ ಸಮೀಕ್ಷೆಯೊಂದು ಪ್ರಕಟವಾಯಿತು. ಹೆಚ್ಚು ಸಲ ಹೆಣೆಯುವವರು ಹೆಚ್ಚು ನೆಮ್ಮದಿಯನ್ನು ಹೇಳಿಕೊಂಡಿದ್ದರು. ಇಷ್ಟವುಳ್ಳವರು ತಾವೇ ಹೇಳಿದ ಮಾತಾದುದರಿಂದ ಇದನ್ನು ಸಾಕ್ಷ್ಯವೆಂದು ಎತ್ತಿ ಹಿಡಿಯಲಾರೆ. ಆದರೆ ನನ್ನ ಅನುಭವ ಅದಕ್ಕೆ ಹೌದೆನ್ನುತ್ತದೆ. ಹೆಣೆದು ಎದ್ದ ದಿನ ನನ್ನ ದನಿ ಏರುವುದು ಕಡಿಮೆ.

ಹಾಗೆಂದು ಮಗನ ಕೈಗೆ ಕಡ್ಡಿ ಕೊಟ್ಟರೆ ಆಟಿಸಂ ಇಳಿಯುವುದೆಂದು ಯಾರೂ ಭ್ರಮಿಸಬಾರದು. ಭಾರದ ಹೊದಿಕೆಯ ಮಾತನ್ನೇ ನೋಡಿ. ನಮ್ಮಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿಟ್ಟು ಹೊಲಿದ ಕೌದಿ ಇರುತ್ತದಷ್ಟೆ? ಅದರ ತೂಕ ಮೈಮೇಲಿದ್ದರೆ ನನ್ನ ಮಗ ಶಾಂತನಾಗುತ್ತಾನೆ. ತಾವೂ ಆಟಿಸಂ ಉಳ್ಳವರಾದ ಅಮೆರಿಕದ ಪ್ರಾಧ್ಯಾಪಕಿ ಟೆಂಪಲ್ ಗ್ರಾಂಡಿನ್, ದೇಹವನ್ನು ಮೆಲ್ಲಗೆ ಅದುಮುವ ಯಂತ್ರವನ್ನು ಯೌವನದಲ್ಲೇ ತಮಗಾಗಿ ರಚಿಸಿಕೊಂಡಿದ್ದರು. ಆದರೆ 2014ರಲ್ಲಿ ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಯೊಂದರಲ್ಲಿ, ಭಾರದ ಹೊದಿಕೆಯಿಂದ ಆಟಿಸಂ ಉಳ್ಳ ಮಕ್ಕಳ ನಿದ್ರೆ ಹೆಚ್ಚಿದ್ದು ಕಾಣಲಿಲ್ಲ. ಮಕ್ಕಳೂ ಹೆತ್ತವರೂ ಅದನ್ನು ಮೆಚ್ಚಿದ್ದು ಮಾತ್ರ ನಿಜ. ಹಿತವಾದದ್ದೆಲ್ಲ ಚಿಕಿತ್ಸೆಯಲ್ಲ. ಹಿತವೂ ಸಣ್ಣ ವಸ್ತುವೇನಲ್ಲ.

ಚಿಕಿತ್ಸೆ, ಶಿಕ್ಷಣಗಳಿಗೆ ಅವುಗಳ ಸ್ಥಳಗಳೇ ಇವೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವು ಪ್ರಸಿದ್ಧ. ನಮ್ಮಿಂದ ರಾಯಚೂರೇ ನೂರು ಕಿಲೋಮೀಟರಿಗೆ ಮಿಕ್ಕ ದೂರವಾದರೂ, ಮೊದಲು ಜಿಲ್ಲಾ ಕೇಂದ್ರದ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸುವುದು ವಿಹಿತ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೆಸರಿಸಿರುವ 21 ಬಗೆಗಳಲ್ಲಿ ಆಟಿಸಂ ಒಂದು. ಗುರುತಿನ ಚೀಟಿ ಮಾಡಿಸಿಕೊಂಡರೆ ಸೌಲಭ್ಯಗಳಿಗೆ ದಾರಿಯಾಗುತ್ತದೆ. ಶಾಲೆಯ ವಿಷಯವನ್ನು ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಕೇಳಬಹುದು. ಎರಡು ವರ್ಷದ ಮಗು ಮಾತನಾಡದೆ, ಕರೆದರೆ ತಿರುಗದೆ ಇದ್ದರೆ ‘ತಡ’ವೆಂದು ಕಾಯಬೇಡಿ, ಕಾದು ಕೆಟ್ಟವಳು ಹೇಳುತ್ತಿದ್ದೇನೆ.

ಮೊಹರಮ್ಮಿನ ಟೊಪ್ಪಿಗೆ

ಮುದಗಲ್ಲಿನ ಮೊಹರಮ್ ನಾಡಿಗೆಲ್ಲ ಹೆಸರಾದದ್ದು. ಜಾತಿಮತವೆನ್ನದೆ ಸುತ್ತಣ ಊರುಗಳ ಜನ ಸೇರುತ್ತಾರೆ. ಹಲಗೆಯ ಸದ್ದು ಹಗಲಿರುಳು ಮೊಳಗುತ್ತದೆ. ನನ್ನ ಮಗನಿಗೆ ಆ ದಿನಗಳು ನರಕವಾಗಿದ್ದವು. ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಿದ್ದ. ನಾನು ಹೆಣೆದ ಟೊಪ್ಪಿಗೆ ನೆರವಾದದ್ದು ಅಲ್ಲಿ. ಕಿವಿಯ ಭಾಗಕ್ಕೆ ದಪ್ಪನಾಗಿ ಎರಡು ಪದರ ಹೆಣೆದಿದ್ದೆ. ಅದು ಸದ್ದನ್ನು ಪೂರ್ತಿ ತಡೆಯದು; ಆದರೆ ಅದನ್ನು ತೊಟ್ಟು, ಗದ್ದಲದ ಬೀದಿಯಿಂದ ದೂರದ ನೆಂಟರ ಮನೆಯ ಹಿತ್ತಲಲ್ಲಿ ಕುಳಿತರೆ ಅವನು ನಡುಗುವುದಿಲ್ಲ.

ಹೋದ ಸಲ ಆ ಹಿತ್ತಲಲ್ಲಿ ಅವನೊಡನೆ ಕುಳಿತವರು ನಮ್ಮ ಅತ್ತೆಯವರು. ತಾವಾಗಿಯೇ ಬಂದರು. “ನೀ ಹೋಗಿ ದೇವರು ನೋಡಿ ಬಾರವ್ವಾ, ನಾ ಇರ್ತೀನಿ,” ಎಂದರು. ಹೊಂದಿಸಿಕೊಳ್ಳುವುದು ತಾಯಿಯೊಬ್ಬಳ ಸಾಮರ್ಥ್ಯವೆಂದು ನಾವು ಹೊಗಳುತ್ತೇವೆ. ನಿಜವಾಗಿ ನೋಡಿದರೆ, ಆ ಅರ್ಧ ತಾಸು ಮಗುವಿನ ಪಕ್ಕದಲ್ಲಿ ಇನ್ನೊಬ್ಬರು ಕುಳಿತಾಗಲೇ ಅದು ಸಾಧ್ಯವಾಗುವುದು. ಭಾನುವಾರ ಮಧ್ಯಾಹ್ನ ನಮ್ಮ ಯಜಮಾನರು ಮಗನನ್ನು ಕೋಟೆಯ ಕಡೆಗೆ ಕರೆದೊಯ್ಯುತ್ತಾರೆ. ಆ ಒಂದು ತಾಸಿನಲ್ಲಿ ಹೆಣೆದದ್ದು ವಾರದ ಹೆಣಿಗೆಗೆ ಸಮ.

ಮಗನಿಗೆ ಈಗ ಒಂಬತ್ತು ವರ್ಷ. ಮಾತು ನಾಲ್ಕಾರು, ‘ಅವ್ವ’ ಎಂಬುದು ಅವುಗಳಲ್ಲಿ ಒಂದು. ಹೆಣಿಗೆಯಲ್ಲಿ ಅವನಿಗೆ ಒಲವಿಲ್ಲ. ಆದರೆ ಹೊಸ ದಾರದ ಲಡಿಯನ್ನು ಉಂಡೆಗೆ ಸುತ್ತುವಾಗ ಯಾರಾದರೂ ಎರಡು ಕೈ ಚಾಚಿ ಹಿಡಿಯಬೇಕಲ್ಲವೆ? ಆ ಕೆಲಸಕ್ಕೆ ಅವನೇ ಬಂದು ಎದುರಿಗೆ ಕೂರುತ್ತಾನೆ. ದಾರ ಅವನ ಕೈಯಿಂದ ನನ್ನ ಕೈಗೆ ಬರುವುದನ್ನು ನೋಡುತ್ತಾನೆ. ಒಮ್ಮೊಮ್ಮೆ ನನ್ನ ಮುಖವನ್ನೂ ನೋಡುತ್ತಾನೆ. ಅರ್ಧ ಲಡಿಗೆ ಬೇಸರವಾದರೆ ಎದ್ದು ಹೋಗುತ್ತಾನೆ. ಹೋಗಲಿ. ಉಳಿದರ್ಧವನ್ನು ಕುರ್ಚಿಯ ಬೆನ್ನಿಗೆ ಹಾಕಿ ಸುತ್ತಿಕೊಳ್ಳುತ್ತೇನೆ.

ಅಟ್ಟದ ಮೇಲೆ ಗಂಟುಕಟ್ಟಿಟ್ಟ ಕಡ್ಡಿಗಳು ಇನ್ನೂ ಯಾವ ಯಾವ ಮನೆಗಳಲ್ಲಿವೆಯೋ! ಸೋದರಿಯರೇ, ಇಳಿಸಿಕೊಳ್ಳಿ. ಮಗುವಿಗೆ ಬೇಕಾದದ್ದು ತಾಯಿಯ ಪ್ರಾಯಶ್ಚಿತ್ತವಲ್ಲ, ತಾಯಿ.